ಬಸುರಿಗಂಡಿಗೆ ಬಲೆ ಕಟ್ಟಿದ ದಿನ

ಬಸುರಿಗಂಡಿ ವನಧಾಮದ ಬಾಗಿಲಲ್ಲಿ ಈಗ ಟಿಕೆಟ್ ಮನೆಯಿದೆ, ನೀರಿನ ನಲ್ಲಿಯಿದೆ, ದೊಡ್ಡದೊಂದು ಹಸಿರು ಫಲಕವಿದೆ. ಅದರಲ್ಲಿ ಮರಗಳ ಜಾತಿ, ಹಕ್ಕಿಗಳ ಪಟ್ಟಿ ಎಲ್ಲ ಉಂಟು. ಹೆಸರು ಹೇಗೆ ಬಂತೆಂಬ ಒಂದು ಸಾಲಿಲ್ಲ. ಬಂದವರು ತಮಗೆ ತೋಚಿದ್ದನ್ನು ಹೇಳಿಕೊಂಡು ಕಿಸಕ್ಕನೆ ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅಪ್ಪನ ಹೆಗಲೇರಿ ಈ ಕಾಡಿಗೆ ಮೊದಲು ಬಂದಾಗ ನನಗೆ ಐದು ವರ್ಷ. ಆಮೇಲೆ ಮೂವತ್ತನಾಲ್ಕು ವರ್ಷ ಇಲ್ಲೇ ಕಾವಲುಗಾರನಾಗಿದ್ದೆ. ಈಗ ಎಪ್ಪತ್ತೆರಡು, ಮೊಣಕಾಲು ಬೇಡವೆಂದರೂ ವಾರಕ್ಕೆರಡು ಸಲ ಇಲ್ಲಿಗೆ ಬಾರದಿದ್ದರೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. "ನೀವು ಆ ಕಾಡನ್ನೇ ಕಟ್ಟಿಕೊಳ್ಳಬೇಕಿತ್ತು" ಎಂದು ನನ್ನಾಕೆ ಇಂದಿಗೂ ಮೂದಲಿಸುತ್ತಾಳೆ. ಅವಳ ಮಾತು ಸುಳ್ಳೇನಲ್ಲ. ಹಾಗಾಗಿ ಈ ಹೆಸರಿನ ಕತೆಯನ್ನು ನಾನೇ ಹೇಳುತ್ತೇನೆ, ನಕ್ಕವರೂ ಕೂತು ಕೇಳಲಿ.

ಹಿಂದೆ ಒಮ್ಮೆ ಈ ಸೀಮೆಯನ್ನು ಕೆಂಗಪ್ಪನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಕರೇಕಲ್ಲು, ನವಣೆಗುಡ್ಡ ಎಂಬ ಎರಡು ಬೆಟ್ಟಗಳ ನಡುವಿನ ಈ ಕುರುಚಲು ಕಾಡು ಅವನ ಬೇಟೆಯ ಕಾಡು. ಬೇಟೆಗೆ ಬಲೆ ಕಟ್ಟುವ ಹಟ್ಟಿಯವರಿಗೆ ಕಾಟಯ್ಯ ಎಂಬವನು ಯಜಮಾನ. ಒಂದು ಕಡೆಯಿಂದ ತಮಟೆ ಬಡಿದು ಮಿಗಗಳನ್ನು ಎಬ್ಬಿಸುವುದು, ಇನ್ನೊಂದು ಕಡೆ ಬಲೆ ಕಟ್ಟಿ ಈಟಿ ಹಿಡಿದು ಕಾಯುವುದು ಅವರ ಕಸುಬು. ಆದರೆ ಬೆಟ್ಟಗಳೆರಡೂ ಕೂಡುವಲ್ಲಿರುವ ಕಿರಿದಾದ ಗಂಡಿಗೆ ಮಾತ್ರ ಅವರು ಎಂದೂ ಬಲೆ ಕಟ್ಟಿದವರಲ್ಲ. ಬಸುರಾದದ್ದು, ಮರಿ ಕಟ್ಟಿಕೊಂಡದ್ದು ಅಲ್ಲಿಂದ ಪಾರಾಗಲಿ ಎಂದು ಹಿರೀಕರು ಬಿಟ್ಟ ದಾರಿ ಅದು. ಮಿಗಗಳಿಗೂ ಆ ದಾರಿ ತಲೆತಲಾಂತರದಿಂದ ಗೊತ್ತಿತ್ತು. ಸೌದೆಗೆ ಹೋದಾಗ ತಮಟೆ ಕೇಳಿದರೆ ಹೊರೆ ಬಿಸಾಕಿ ಗಂಡಿಗೆ ಓಡಬೇಕೆಂದು ಕಾಟಯ್ಯ ತನ್ನ ಒಬ್ಬಳೇ ಮಗಳಿಗೂ ಚಿಕ್ಕಂದಿನಲ್ಲೇ ಕಲಿಸಿದ್ದ.

ಒಂದು ವರ್ಷ ನಾಯಕನ ಮನೆಗೆ ಹೊಸ ಬೀಗರಿಬ್ಬರು ಬಂದರು. ಮೊದಲ ದಿನದ ಬೇಟೆಗೆ ಸಿಕ್ಕಿದ್ದು ನಾಲ್ಕು ಬಡಕಲು ಹಂದಿ. ಬೀಗರೆದುರು ಮುಖಭಂಗವಾಯಿತೆಂದು ನಾಯಕ ಕೆಂಡವಾದ. ನಾಳೆ ಗಂಡಿಗೂ ಬಲೆ ಕಟ್ಟು ಎಂದ.

"ಬುದ್ಧೀ, ಅದೊಂದು ಬಾಯಿ ಮುಚ್ಚಬಾರದು. ನಮ್ಮ ಹಿರೀಕರು ಮಾತು ಕೊಟ್ಟವ್ರೆ" ಎಂದು ಕಾಟಯ್ಯ ಕಾಲು ಹಿಡಿದ.

"ಯಾರಿಗೋ ಕೊಟ್ಟಿದ್ದು ಮಾತು? ಜಿಂಕೆಗೋ?" ಎಂದು ಬೀಗರು ಹೊಟ್ಟೆ ಹಿಡಿದು ನಕ್ಕರು.

ನಾಯಕ ನಗಲಿಲ್ಲ. ಹಿಂದೆ ನಿಂತು ಗೊಣಗಿದ ಬಲೆಗಾರನೊಬ್ಬನ ಹೆಬ್ಬೆರಳನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಕಡಿಸಿದ; ಬಲೆ ಕಟ್ಟದಿದ್ದರೆ ಹಟ್ಟಿಗೆ ಬೆಂಕಿ ಎಂದ. ಕಾಟಯ್ಯ ತಲೆ ತಗ್ಗಿಸಿದ. ಈ ಕಾಡಿನ ಒಂದೊಂದು ಗಿಡವನ್ನೂ ಮುಟ್ಟಿ ಮಾತಾಡಿಸುತ್ತಿದ್ದ ಮನುಷ್ಯ, ಒಂದು ದಿನ ತಾನೇ ಎಂದು ಒಪ್ಪಿಬಿಟ್ಟ. ಅದನ್ನಾದರೂ ಕ್ಷಮಿಸಬಹುದು, ಪ್ರಾಣಭಯ ಯಾರಿಗಿಲ್ಲ? ಆದರೆ ನಾಚಿಕೆಯಿಂದ ಮನೆಯಲ್ಲಿ ಅವನು ಬಾಯಿಯನ್ನೇ ಬಿಡಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು "ಅಪ್ಪಾ, ನಾಳೆ ಬಲೆ ಎಲ್ಲೆಲ್ಲಿ?" ಎಂದು ಕೇಳಿದಾಗಲೂ "ಯಾವಾಗಿನಂಗೇ ಕಣವ್ವ" ಎಂದನಂತೆ. ಈ ಮಾತು ಹೇಳುವಾಗ ನನ್ನಪ್ಪ ಪ್ರತಿ ಸಲವೂ ಥೂ ಎಂದು ಉಗುಳುತ್ತಿದ್ದ.

ಮರುದಿನ ಬೆಳಿಗ್ಗೆ ಮಗಳು ಕವಳೆಹಣ್ಣಿನ ಬಯಕೆಯಾಗಿ ಕಾಡಿಗೆ ಹೋದಳು. ತಮಟೆ ಎದ್ದರೆ ಗಂಡಿ ಪಕ್ಕದಲ್ಲೇ ಇದೆಯಲ್ಲ ಎಂಬ ಧೈರ್ಯ. ತಮಟೆ ಎದ್ದಿತು. ಕಾಡಿಗೆ ಕಾಡೇ ಗಂಡಿಯತ್ತ ನುಗ್ಗಿತು. ಕೆಮ್ಮಣ್ಣಿನ ದೂಳು ಎದ್ದು ಅಂಗೈ ಕಾಣದಾಯಿತು. ಬಲೆಗೆ ಬಿದ್ದ ಮೊದಲ ಮಿಗಕ್ಕೆ ಯಜಮಾನನ ಈಟಿ, ಉಳಿದವರದು ಆಮೇಲೆ. ಇದು ಬಲೆಯವರ ಕಟ್ಟಳೆ. ಹಿಂದೆ ನಾಯಕನೂ ಬೀಗರೂ ಕತ್ತಿ ಹಿರಿದು ನಿಂತಿದ್ದರು. ಬಲೆ ಒಮ್ಮೆ ಉಬ್ಬಿತು. ಕಾಟಯ್ಯ ಕಣ್ಣು ಮುಚ್ಚಿಕೊಂಡು ಈಟಿಯಿಂದ ಬಲವಾಗಿ ಇರಿದ. "ಅಪ್ಪಾ" ಎಂಬ ಕೂಗು ಕೇಳಿತು. ಹತ್ತಿರದಲ್ಲೇ ಹಣ್ಣು ಬಿಡಿಸುತ್ತಿದ್ದವಳು ಎಲ್ಲಕ್ಕಿಂತ ಮೊದಲು ಓಡಿ ಬಂದಿದ್ದಳು.

ಅಯ್ಯೋ, ಇನ್ನೇನು ಹೇಳಲಿ! ಹಿಂದೆಯೇ ಬಂದ ಕಡವೆ, ಜಿಂಕೆಗಳು ಬಲೆಗೆ ಬಿದ್ದು ಒಂದರ ಮೇಲೊಂದು ಒರಗಿದವು. ಕಾಟಯ್ಯ ಮಚ್ಚು ಎಳೆದು, ಬಲೆಯನ್ನೆಲ್ಲ ಹಿಡಿದು ನಿಲ್ಲಿಸಿದ್ದ ತಾಯಿಹಗ್ಗಕ್ಕೆ ಕೈ ಹಾಕಿದ. "ಕಡಿದರೆ ತಲೆ ಹಾರಿಸ್ತೀನಿ" ಎಂದು ನಾಯಕ ಮುಂದೆ ನುಗ್ಗಿ ಅವನ ಬೆನ್ನಿಗೆ ಕತ್ತಿ ಬೀಸಿದ. ಬೆನ್ನು ಸೀಳಿತು, ಕೈ ನಿಲ್ಲಲಿಲ್ಲ. ಹಗ್ಗ ಹರಿಯಿತು. ಒಂಟಿಗ ಹಂದಿಯೊಂದು ನಾಯಕನ ಹೊಟ್ಟೆಯನ್ನು ಬಗೆದು ಹೋಯಿತು. ಅದರ ಹಿಂದೆ ಬಂದ ಗೊರಸುಗಳು ಬೀಗರಿಬ್ಬರನ್ನೂ ಗುರುತು ಸಿಗದಂತೆ ತುಳಿದು ಹಾಕಿದವು. ಕಾಟಯ್ಯ ಮಗಳ ಮೇಲೆ ಕವುಚಿ ಬಿದ್ದಿದ್ದ. ಅವನ ಸೊಂಟ ಮುರಿಯಿತು, ಜೀವ ಹೋಗಲಿಲ್ಲ. ಮಗಳ ಉಸಿರು ನಿಂತ ಮೇಲೂ ಹೊಟ್ಟೆಯೊಳಗಿನ ಕೂಸು ಸ್ವಲ್ಪ ಹೊತ್ತು ಮಿಸುಕಾಡಿ ಸುಮ್ಮನಾಯಿತು ಎನ್ನುತ್ತಾರೆ.

ಹಟ್ಟಿಯವರು ಅಂದೇ ಬಲೆಗಳನ್ನೆಲ್ಲ ರಾಶಿ ಹಾಕಿ ಸುಟ್ಟರು. ಕಾಟಯ್ಯ ಊರಿಗೆ ಮರಳಲಿಲ್ಲ. ಇಪ್ಪತ್ತೆರಡು ವರ್ಷ ಆ ಗಂಡಿಯಲ್ಲೇ ತೆವಳಿಕೊಂಡು, ದಾರಿಗೆ ಬಿದ್ದ ಮುಳ್ಳು, ಕಲ್ಲು ಆರಿಸಿ ಬದಿಗೆ ಹಾಕುತ್ತ ಬದುಕಿದ. ಮಗಳ ಹೆಸರು ಅವನ ನಾಲಿಗೆಯ ಮೇಲೆ ಮತ್ತೆ ಬರಲಿಲ್ಲ. ಯಾರಾದರೂ ಕೇಳಿದರೆ "ಬಸುರಿ" ಎನ್ನುವನು, ಅಷ್ಟೇ. ಜನರ ಬಾಯಲ್ಲೂ ಹಾಗೇ ಉಳಿಯಿತು. ಅವಳ ಹೆಸರೇನೆಂದು ನಾನೂ ಕಾಡಿ ಬೇಡಿ ಕೇಳಿದ್ದುಂಟು; ಅಪ್ಪನಿಗೂ ಗೊತ್ತಿರಲಿಲ್ಲ.

ಇಂದು ವನಧಾಮದ ಸುತ್ತ ತಂತಿಬೇಲಿ ಇದೆ, ಗಂಡಿಯಲ್ಲಿ ಮಾತ್ರ ಇಲ್ಲ. ಬೇಲಿ ಕಟ್ಟಲು ಬಂದ ಕೂಲಿಯವರು ಈ ಕತೆ ಕೇಳಿ ಗುದ್ದಲಿ ಕೆಳಗಿಟ್ಟದ್ದನ್ನು ನಾನೇ ಕಂಡಿದ್ದೇನೆ. ಹೋದವರು ಅಲ್ಲಿ ಬದಿಗೆ ಸರಿದು ನಿಲ್ಲಿ. "ನನ್ನನ್ನು ದಾರಿಗೆ ಅಡ್ಡ ಹೂಳಬೇಡಿ" ಎಂದು ಕಾಟಯ್ಯ ಕೇಳಿಕೊಂಡದ್ದರಿಂದ ಅವನ ಕಲ್ಲೂ ಬದಿಯಲ್ಲೇ ಇದೆ. ಅದರ ಮೇಲೆ ಬರಹವಿಲ್ಲ, ಮೂರ್ತಿಯಿಲ್ಲ. ತುಂಬಿದ ಹೊಟ್ಟೆಯ ಜಿಂಕೆಗಳು ಬಂದು, ತುರಿಕೆಯಾದಲ್ಲಿ ಆ ಕಲ್ಲಿಗೆ ಮೈ ತಿಕ್ಕಿಕೊಂಡು, ಅವಸರವಿಲ್ಲದೆ ಆಚೆಗೆ ಹೋಗುತ್ತವೆ.