ತೊಡೆಗೆ ಗಾಳಿ ಸಿಗದ ಆ ಗಳಿಗೆ

ಕಬಡ್ಡಿ ಆಟಗಾರ್ತಿ ಹೊನ್ನವ್ವನ ಶ್ವಾಸಕೋಶಕ್ಕೆ ಬಲು ಜಂಬವಿತ್ತು. "ನಾನು ಗಾಳಿ ತಂದುಕೊಡದಿದ್ದರೆ ನೀನು ಒಂದು ಹೆಜ್ಜೆಯನ್ನೂ ಎತ್ತಲಾರೆ" ಎಂದು ಅದು ದಿನವೂ ತೊಡೆಗೆ ಹೇಳುತ್ತಿತ್ತು. ತೊಡೆ ತನ್ನ ಪಾಡಿಗೆ ಹೆಜ್ಜೆ ಎತ್ತುತ್ತಿತ್ತು.

ಫೈನಲ್ ಪಂದ್ಯದಲ್ಲಿ ಅಂಕಗಳು ಸಮವಾಗಿದ್ದವು. ಕೊನೆಯ ರೈಡಿಗೆ ಹೊನ್ನವ್ವ "ಕಬಡ್ಡಿ, ಕಬಡ್ಡಿ" ಎನ್ನುತ್ತ ಎದುರಾಳಿಗಳ ಕಡೆಗೆ ನುಗ್ಗಿದಳು. ಒಬ್ಬಳನ್ನು ಮುಟ್ಟಿ ತಿರುಗುವಷ್ಟರಲ್ಲಿ ಮೂವರು ಅವಳ ಸೊಂಟ ಹಿಡಿದರು. "ಗೆರೆ ಮುಟ್ಟೇ, ಹೊನ್ನವ್ವ" ಎಂದು ಗೆಳತಿಯರು ಕೂಗಿದರು. ಗೆರೆ ಇನ್ನೂ ಒಂದು ಮಾರು ದೂರವಿತ್ತು.

"ಇವಳು ಕಬಡ್ಡಿ ಎನ್ನುವುದನ್ನು ನಿಲ್ಲಿಸುವಂತಿಲ್ಲ, ನಾನು ಉಸಿರೆಳೆಯುವಂತಿಲ್ಲ. ಗಾಳಿ ಮುಗಿಯಿತು, ಸೋಲೊಪ್ಪಿಕೋ" ಎಂದಿತು ಶ್ವಾಸಕೋಶ.

"ನಾನು ಕೂಡಿಟ್ಟ ಸಕ್ಕರೆ ಮುಗಿದಿಲ್ಲ" ಎಂದಿತು ತೊಡೆ. "ಮುಚ್ಚಿಟ್ಟ ದೋಸೆ ಹಿಟ್ಟು ಹುಳಿ ಬರುವ ಹಾಗೆ, ಗಾಳಿಯಿಲ್ಲದೆಯೇ ನಾನು ಅದನ್ನು ಹುಳಿ ಮಾಡುತ್ತೇನೆ. ಸಿಗುವ ಬಲ ಸ್ವಲ್ಪ, ಆದರೆ ಕೂಡಲೇ ಸಿಗುತ್ತದೆ."

ತೊಡೆ ಉರಿಯುತ್ತಲೇ ಮೂವರನ್ನೂ ಎಳೆದುಕೊಂಡು ಬಂತು. ಹೊನ್ನವ್ವನ ಬೆರಳು ಗೆರೆಗೆ ತಾಗಿತು. ಗೆಳತಿಯರು ಅವಳನ್ನು ಎತ್ತಿಕೊಂಡು ಕುಣಿದರು.

"ಈಗ ಈ ಹುಳಿ ಕಳೆಯಬೇಕು. ಗಾಳಿ ತಾರಪ್ಪಾ" ಎಂದಿತು ತೊಡೆ. ಶ್ವಾಸಕೋಶ ಏದುತ್ತ ಬಹಳ ಹೊತ್ತು ಗಾಳಿ ತಂದುಕೊಟ್ಟಿತು. ಜಂಬ ಕೊಚ್ಚಲು ಅದಕ್ಕೆ ಅಂದು ಉಸಿರೇ ಉಳಿಯಲಿಲ್ಲ.