ಬೇಲದ ಮರದ ಬುಡದ ಕುಡಿಕೆ

"ಯಾರದೂ ಅಲ್ಲದ ಜಾಗದಲ್ಲಿ ಏನಾದರೂ ಬಚ್ಚಿಡಬೇಕಾದರೆ ಯಾರನ್ನು ಕೇಳಬೇಕು, ಗುರುಗಳೇ?"

ಕೇಳಿದವನು ಮಠದ ಶಿಷ್ಯ ಪಂಪಾಪತಿ. ಅವನಿಗೆ ಹೊಸದಾಗಿ ಒಂದು ಆಟದ ಹುಚ್ಚು ಹಿಡಿದಿತ್ತು. ಒಂದು ಡಬ್ಬಿಯಲ್ಲಿ ಸಣ್ಣಪುಟ್ಟ ವಸ್ತು ಹಾಕಿ ಎಲ್ಲಾದರೂ ಬಚ್ಚಿಡುವುದು, ಆ ಜಾಗದ ಗುರುತನ್ನು ಮೊಬೈಲಿನಲ್ಲಿ ಹಾಕುವುದು. ಗುರುತು ಹಿಡಿದು ಎಲ್ಲೆಲ್ಲಿಂದಲೋ ಜನ ಬಂದು ಹುಡುಕುತ್ತಾರೆ. ಸಿಕ್ಕರೆ ಒಳಗಿನದನ್ನು ತೆಗೆದುಕೊಂಡು, ತಮ್ಮದೊಂದನ್ನು ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ಜಿಯೋಕ್ಯಾಶಿಂಗ್ ಎಂದು ಅದರ ಹೆಸರು. ಪಂಪಾಪತಿ ಮಠದ ಹಿಂದಿನ ಗುಡ್ಡದಲ್ಲಿ, ಹಾಳುಬಿದ್ದ ಕಟ್ಟೆಯೊಂದರ ಸಂದಿಯಲ್ಲಿ ತನ್ನ ಡಬ್ಬಿ ಇಟ್ಟಿದ್ದ. ಆ ಬೆಳಿಗ್ಗೆ ಕುರಿ ಕಾಯುವ ಮುದುಕನೊಬ್ಬ ಮಠಕ್ಕೆ ಬಂದು, ಅದನ್ನು ಅಲ್ಲಿಂದ ತೆಗೆದುಬಿಡಿ ಎಂದಷ್ಟೇ ಹೇಳಿ ಹೊರಟುಹೋಗಿದ್ದ.

"ಆ ನೆಲ ಯಾರದೂ ಅಲ್ಲ. ಗಿಡ ಮುರಿದಿಲ್ಲ, ಮಣ್ಣು ಅಗೆದಿಲ್ಲ, ಕಟ್ಟೆಯ ಒಂದು ಕಲ್ಲನ್ನೂ ಕಿತ್ತಿಲ್ಲ. ಆಟದ ನಿಯಮ ಒಂದನ್ನೂ ಮೀರಿಲ್ಲ. ಆದರೂ ತೆಗೆ ಎನ್ನುತ್ತಾನೆ. ಏಕೆ ಎಂದು ಕಾರಣವನ್ನಾದರೂ ಹೇಳಬೇಡವೇ? ಅದನ್ನೂ ಹೇಳಲಿಲ್ಲ. ನನ್ನ ತಪ್ಪೇನು?" ಎಂದ ಪಂಪಾಪತಿ.

ಗುರುಗಳು ಅವನ ಮುಖ ನೋಡಿದರು. "ಆಟ ಹೊಸದೇನಲ್ಲವಪ್ಪ, ಮೊಬೈಲು ಹೊಸದು. ಕೂತುಕೋ" ಎಂದು ಕತೆ ಶುರುಮಾಡಿದರು.

ಒಬ್ಬ ಕುಂಬಾರನಿದ್ದ. ಕೈಗುಣ ಒಳ್ಳೆಯದು, ಮಾತು ಕಡಿಮೆ. ಮಡಕೆಯನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿಯೇ ಎಲ್ಲಿ ಬಿರುಕಿದೆ ಎಂದು ಹೇಳುತ್ತಿದ್ದ. ಮನುಷ್ಯರ ವಿಷಯದಲ್ಲಿ ಮಾತ್ರ ಅಂಥ ಕಿವಿ ಅವನಿಗಿರಲಿಲ್ಲ.

ಅವನ ಹೆಂಡತಿ ಚೊಚ್ಚಲ ಬಸುರಿ. ಅಷ್ಟರಲ್ಲಿ ಸುಗ್ಗಿ ಬಂತು. ಸುಗ್ಗಿಯಲ್ಲಿ ಕುಂಬಾರನಾದವನು ಮನೆಯಲ್ಲಿ ಕೂರುವ ಹಾಗಿಲ್ಲ. ಗಾಡಿಗೆ ಮಡಕೆ ಹೇರಿಕೊಂಡು ಊರೂರು ತಿರುಗಿ, ಮಡಕೆ ಕೊಟ್ಟು ಕಾಳು ತರಬೇಕು. ಹೊರಡುವ ಮುಂಚೆ ಅವನು ಹುಟ್ಟಲಿರುವ ಮಗುವಿಗೆಂದು ಮಣ್ಣಿನ ಗಿಲಕಿಯೊಂದನ್ನು ಮಾಡಿದ. ಒಳಗೆ ಮಣ್ಣಿನ ಪುಟ್ಟ ಗುಂಡುಗಳನ್ನು ಹಾಕಿ, ಆವಿಗೆಯಲ್ಲಿ ಸುಟ್ಟು, ಅಲ್ಲಾಡಿಸಿ ನೋಡಿ, ಹೆಂಡತಿಯ ಕೈಯಲ್ಲಿಟ್ಟ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಆಡಿಸಿ ನಕ್ಕಳು. ದಾರಿಯುದ್ದಕ್ಕೂ ಅವನಿಗೆ ಆ ನಗು ಕಣ್ಣಿಗೆ ಕಟ್ಟಿದ ಹಾಗಿತ್ತು.

ಅವನು ತಿರುಗಿ ಬಂದಾಗ ಮನೆಯಲ್ಲಿ ತೊಟ್ಟಿಲು ಇರಲಿಲ್ಲ. ಹೆಂಡತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಣಂತನಕ್ಕೆಂದು ಬಂದಿದ್ದ ಅತ್ತೆ ಬಾಗಿಲಲ್ಲೇ ನಿಂತು, "ಹೆಣ್ಣು ಮಗು. ಉಳಿಯಲಿಲ್ಲಪ್ಪ" ಎಂದಳು. ಎಳೆಗೂಸುಗಳನ್ನು ಆ ಸೀಮೆಯಲ್ಲಿ ಸುಡುವುದಿಲ್ಲ. ಊರ ಹೊರಗೆ ಎಲ್ಲಾದರೂ ಸದ್ದಿಲ್ಲದೆ ಹೂಳಿ ಬರುತ್ತಾರೆ.

ಎಲ್ಲಿ ಎಂದು ಅವನು ಕೇಳಲಿಲ್ಲ. ಗಿಲಕಿ ಏನಾಯಿತು ಎಂದೂ ಕೇಳಲಿಲ್ಲ. ಕೇಳಿದರೆ ಅವಳ ಗಾಯ ಕೆದಕಿದಂತಾಗುತ್ತದೆ ಎಂದುಕೊಂಡ. ನಿಜ ಹೇಳಬೇಕೆಂದರೆ ಅವನಿಗೇ ಹೆದರಿಕೆ. ಕೈಕಾಲು ತೊಳೆದ, ಬಡಿಸಿದ್ದನ್ನು ಉಂಡ, ತಿಗರಿಯ ಮುಂದೆ ಕೂತು ಮಡಕೆ ತಿರುಗಿಸತೊಡಗಿದ. ಎಂಥ ಗಟ್ಟಿ ಮನುಷ್ಯ ನೋಡಿ ಎಂದು ಊರವರು ಹೊಗಳಿದರು. ಗಟ್ಟಿಯಂತೆ, ಗಟ್ಟಿ! ಒಳಗೆ ಅವನು ಹಸಿ ಮಣ್ಣಿನ ಮುದ್ದೆಯಾಗಿದ್ದ.

ಅತ್ತೆ ತನ್ನ ಊರಿಗೆ ಹೋದಳು. ಗಂಡಹೆಂಡಿರ ನಡುವೆ ಉಪ್ಪು, ನೀರು, ಸೌದೆಯ ಮಾತಷ್ಟೇ ಉಳಿಯಿತು. ಬೆಳಿಗ್ಗೆ ಅವಳು ಹಳ್ಳಕ್ಕೆ ನೀರಿಗೆ ಹೋದರೆ ಬರುವುದು ತಡವಾಗುತ್ತಿತ್ತು. ಏಕೆ ತಡ ಎಂದು ಅವನು ಅದನ್ನೂ ಕೇಳಲಿಲ್ಲ. ಮನೆಯಲ್ಲಿ ಕೂತರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಕೆಲಸ ಮುಗಿದದ್ದೇ ತಡ, ಎದ್ದು ಗುಡ್ಡ ಸುತ್ತಲು ಹೋಗುತ್ತಿದ್ದ.

ಹಾಗೆ ಸುತ್ತುವಾಗಲೇ ಅವನಿಗೆ ಈ ಆಟ ಹೊಳೆದದ್ದು. ಮುಚ್ಚಳದ ಪುಟ್ಟ ಕುಡಿಕೆಯೊಂದರಲ್ಲಿ ಮಣ್ಣಿನ ಗಿಳಿಯನ್ನೋ ಆಮೆಯನ್ನೋ ಹಾಕಿ ಗುಡ್ಡದಲ್ಲಿ ಬಚ್ಚಿಡುವುದು. ಸಂತೆಯಲ್ಲಿ ನಿಂತು ಅದರ ಸುಳಿವು ಹೇಳುವುದು. ಹುಡುಕಿದವರು ಒಳಗಿನದನ್ನು ಒಯ್ದು ತಮ್ಮದೊಂದನ್ನು ಇಡಬೇಕು, ಇದ್ದ ಹಾಗೆ ಮುಚ್ಚಿ ಬರಬೇಕು. ಕಟ್ಟಳೆ ಇಷ್ಟೇ. ಜನಕ್ಕೆ ಇನ್ನೇನು ಬೇಕು? ಬಳೆಗಾರ ಬಳೆಯ ಮಲಾರ ಇಳಿಸಿ ಗುಡ್ಡ ಹತ್ತಿದ. ಗಾಣಿಗ ಗಾಣ ನಿಲ್ಲಿಸಿ ಬಂದ. ಸುಳಿವು ಸಂತೆಯಿಂದ ಸಂತೆಗೆ ಹೋಗಿ, ಕುಂಬಾರ ಕಂಡು ಕೇಳದ ಊರಿನವರೂ ಬರತೊಡಗಿದರು. ಇವನಂಥ ಜಾಣ ಇಲ್ಲ ಎಂದರು. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು.

ಅವನನ್ನು ಬೇಜವಾಬ್ದಾರಿಯವನು ಎಂದುಕೊಳ್ಳಬೇಡ, ಪಂಪಾಪತಿ. ಬಲು ಎಚ್ಚರದ ಮನುಷ್ಯ. ಹುಡುಕುವವರು ಕೈ ಹಾಕಿ ಹಾವು ಕಚ್ಚಿಸಿಕೊಂಡಾರು ಎಂದು ಹುತ್ತದ ಹತ್ತಿರ ಇಡುತ್ತಿರಲಿಲ್ಲ. ಬಾವಿಯ ಅಂಚು ಬೇಡ, ಜಾರುವ ಬಂಡೆ ಬೇಡ. ಮರದ ಪೊಟರೆ ಗಿಳಿಗಳದು ಎಂದು ಬಿಟ್ಟುಬಿಡುತ್ತಿದ್ದ. ತಿನ್ನುವ ವಸ್ತು ಹಾಕಿದರೆ ಕೋತಿಗಳು ಕುಡಿಕೆ ಒಡೆದು ಹಾಕುತ್ತವೆ, ಅದೂ ಬೇಡ. ಇನ್ನೊಬ್ಬರ ಹೊಲಕ್ಕೆ ಕೇಳದೆ ಕಾಲಿಡುತ್ತಿರಲಿಲ್ಲ. ನಿನ್ನ ಆಟದವರು ಬರೆದಿಟ್ಟುಕೊಂಡಿರುವ ನಿಯಮವೆಲ್ಲ ಅವನಿಗೆ ಯಾರೂ ಬರೆದುಕೊಡದೆಯೇ ಗೊತ್ತಿತ್ತು.

ಒಂದು ದಿನ ಅವನ ಕಣ್ಣಿಗೆ ಎಲ್ಲಕ್ಕಿಂತ ಚಂದದ ಜಾಗ ಬಿತ್ತು. ಹಳ್ಳದ ದಾರಿಯಿಂದ ಸ್ವಲ್ಪ ಒಳಗೆ, ಬೀಳು ಬಿದ್ದ ಹೊಲದ ಮೂಲೆಯಲ್ಲಿ ಒಂದು ಬೇಲದ ಮರ. ಅದರ ಬುಡದಲ್ಲಿ ಒಂದು ಸಣ್ಣ ಕಲ್ಲುಗುಪ್ಪೆ, ಮೇಲೊಂದು ಚಪ್ಪಟೆ ಕಲ್ಲು. ದಾರಿಯಲ್ಲಿ ಹೋಗುವವರಿಗೆ ಕಾಣದು. ಹೊಲ ಹಸನು ಮಾಡುವಾಗ ಯಾರೋ ಆರಿಸಿ ಹಾಕಿದ ಕಲ್ಲು ಎಂದುಕೊಂಡ. ಹೊಲದ ರೈತನನ್ನು ಹುಡುಕಿಕೊಂಡು ಹೋಗಿ ಕೇಳಿದ. ರೈತ, "ಆ ಬೀಳಿನಲ್ಲಿ ಏನಿದೆ ಮಾರಾಯ, ಏನು ಬೇಕಾದರೂ ಇಟ್ಟುಕೋ" ಎಂದ. ಕುಂಬಾರ ಚಪ್ಪಟೆ ಕಲ್ಲು ಎತ್ತಿ, ಕುಡಿಕೆ ಇಟ್ಟು, ಇದ್ದ ಹಾಗೆ ಮುಚ್ಚಿದ. ಸಂತೆಯಲ್ಲಿ ಸುಳಿವು ಹೇಳಿದ.

ಹುಡುಕಲು ಹೋದವರು ಸಪ್ಪೆ ಮುಖ ಹಾಕಿಕೊಂಡು ಬಂದರು. "ಇದೆಂಥ ಆಟವಯ್ಯ? ಕುಡಿಕೆ ಮರದ ಬುಡದಲ್ಲಿ ಎದ್ದು ಕಾಣುತ್ತಿದೆ" ಎಂದರು. ಅವನು ಹೋಗಿ ನೋಡಿದ. ನಿಜ. ಕುಡಿಕೆ ಹೊರಗೆ, ಮರದ ನೆರಳಿನಲ್ಲಿತ್ತು. ಒಡೆದಿರಲಿಲ್ಲ, ಉರುಳಿರಲಿಲ್ಲ. ಮುಚ್ಚಳ ಭದ್ರವಾಗಿತ್ತು. ಕಲ್ಲುಗಳು ಅವನು ಜೋಡಿಸಿದ್ದಕ್ಕಿಂತ ಅಚ್ಚುಕಟ್ಟಾಗಿದ್ದವು. ಅವನು ಮತ್ತೆ ಒಳಗಿಟ್ಟು ಬಂದ. ಮತ್ತೆ ಅದು ಹೊರಗೆ ಬಂತು. ಯಾರೋ ಬೇಕೆಂದೇ ತನ್ನ ಆಟ ಕೆಡಿಸುತ್ತಿದ್ದಾರೆ ಎಂದು ಅವನಿಗೆ ರೇಗಿಹೋಯಿತು.

ಈ ಸಲ ಅವನು ಕಲ್ಲುಗಳನ್ನೆಲ್ಲ ಸರಿಸಿ, ಒಂದು ಪಕ್ಕದಲ್ಲಿ ಕೈಯಿಂದ ಸ್ವಲ್ಪ ಮಣ್ಣು ಬಗೆದು, ಆ ಕುಳಿಯಲ್ಲಿ ಕುಡಿಕೆ ಇಟ್ಟ. ಮಣ್ಣು ಮೆತ್ತಗೆ ಬಂತು. ಅವನು ಹುಟ್ಟಿದಾಗಿನಿಂದ ಮಣ್ಣಿನ ಕೆಲಸ ಮಾಡಿದವನು. ಸುತ್ತಲ ನೆಲವೆಲ್ಲ ಗಾರೆಯಂತೆ ಗಟ್ಟಿಯಿರುವಾಗ ಇಲ್ಲಿ ಮಾತ್ರ ಮಣ್ಣು ಏಕೆ ಸಡಿಲವಾಗಿದೆ ಎಂದು ಅವನ ಕೈಗೆ ತಿಳಿಯಬೇಕಿತ್ತು. ಸಿಟ್ಟಿನಲ್ಲಿ ಅದು ಹೊಳೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಬಂಡೆಯ ಮರೆಯಲ್ಲಿ ಕಾದು ಕೂತ. ಸ್ವಲ್ಪ ಹೊತ್ತಿಗೆ ಹಳ್ಳದ ಕಡೆಯಿಂದ ಒಬ್ಬ ಹೆಂಗಸು ಬಂದಳು. ತುಂಬಿದ ಕೊಡವನ್ನು ಕೆಳಗಿಳಿಸಿ, ಕಲ್ಲುಗಳ ಮುಂದೆ ಕೂತು, ಒಂದೊಂದನ್ನೇ ಎತ್ತಿ ಪಕ್ಕಕ್ಕಿಟ್ಟಳು. ಕುಡಿಕೆಯನ್ನು ತೆಗೆದು, ಸೆರಗಿನಿಂದ ಒರೆಸಿ, ಮರದ ನೆರಳಿಗಿಟ್ಟಳು. ಆಮೇಲೆ ಮಣ್ಣನ್ನು ಮೊದಲಿನ ಹಾಗೆ ಎಳೆದು, ಅಂಗೈಯಿಂದ ಮೆಲ್ಲಗೆ ತಟ್ಟತೊಡಗಿದಳು. ಅದು ಅವನ ಹೆಂಡತಿ.

ಅವನು ಧಡಕ್ಕನೆ ಎದ್ದು ಬಂದ. "ನೀನಾ? ಊರಲ್ಲಿ ಇಷ್ಟು ಜನ ಇದ್ದು, ನನ್ನ ಆಟ ಕೆಡಿಸೋಕೆ ನೀನೇ ಆಗಬೇಕಿತ್ತಾ?"

ಅವಳು ಏಳಲಿಲ್ಲ. ತಟ್ಟುವುದನ್ನೂ ನಿಲ್ಲಿಸಲಿಲ್ಲ. "ನಿಮ್ಮ ಕುಡಿಕೆಗೆ ಏನೂ ಆಗಿಲ್ಲ, ಜೋಪಾನವಾಗಿ ಇಟ್ಟಿದೀನಿ ನೋಡಿ. ಇಲ್ಲಿ ನಮ್ಮ ಕೂಸು ಮಲಗಿದೆ. ನೀವು ಮಾಡಿಕೊಟ್ಟ ಗಿಲಕಿಯನ್ನೂ ಜೊತೆಗೆ ಇಟ್ಟಿದೀನಿ. ಆಡೋಕೆ ಕೈಗೆ ಎಟುಕಲಿ ಅಂತ ಮೇಲುಮಣ್ಣಲ್ಲೇ ಇಟ್ಟೆ."

ಅವನು ಕಲ್ಲುಗಳ ಪಕ್ಕದಲ್ಲೇ ಕೂತ. "ನನಗೆ ಯಾಕೆ ಹೇಳಲಿಲ್ಲ?" ಎಂದ.

"ನೀವು ಕೇಳಲಿಲ್ಲ" ಎಂದಳು. "ಕೇಳಿದ್ದರೆ ಅವತ್ತೇ ಕೈ ಹಿಡಿದು ಕರಕೊಂಡು ಬರ್ತಿದ್ದೆ. ದಿನಾ ದಾರಿ ನೋಡಿದೆ, ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ."

ಅವನಿಗೆ ಅಳು ಬಂತು. ಅಷ್ಟು ದಿನ ಬಾರದೆ ನಿಂತಿದ್ದ ಅಳು. ಆ ಕಲ್ಲುಗಳ ಮುಂದೆ ಇಬ್ಬರೂ ಮೊದಲ ಸಲ ಒಟ್ಟಿಗೆ ಅತ್ತರು. ಆಮೇಲೆ ಅವನೇ ತನ್ನ ಕೈಯಿಂದ ಕಲ್ಲುಗಳನ್ನು ಪೇರಿಸಿದ. ಕುಡಿಕೆಯನ್ನು ಮನೆಗೆ ತಂದ.

ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಬಚ್ಚಿಟ್ಟ ವಸ್ತುವನ್ನು ತೆಗೆಯಬಹುದು ಪಂಪಾಪತಿ, ಹೊರಗೆ ಹೋದ ಸುಳಿವನ್ನು ಹೇಗೆ ತೆಗೆಯುತ್ತೀಯ?

ಅವನು ಸಂತೆಗೆ ಹೋಗಿ, "ಬೇಲದ ಮರದ ಹತ್ತಿರ ಏನೂ ಇಲ್ಲ. ಆಟ ಮುಗಿಯಿತು, ಯಾರೂ ಹೋಗಬೇಡಿ" ಎಂದ. ಜನ ಗೊಳ್ಳೆಂದು ನಕ್ಕರು. ಬಳೆಗಾರ ಕಣ್ಣು ಹೊಡೆದು, "ಅಬ್ಬಬ್ಬಾ, ಏನು ಜಾಣತನ! ಹೋಗಬೇಡಿ ಅನ್ನುತ್ತಾನೆ ಎಂದರೆ ಈ ಸಲ ದೊಡ್ಡದೇ ಏನೋ ಇಟ್ಟಿದ್ದಾನೆ" ಎಂದ. ನಿಜ ಹೇಳಿದ್ದರೆ ಅವರೂ ಮನುಷ್ಯರೇ, ತಲೆ ತಗ್ಗಿಸುತ್ತಿದ್ದರು. ಆದರೆ ಹೆತ್ತ ಮಗು ಎಲ್ಲಿ ಮಲಗಿದೆ ಎಂದು ತಂದೆಯಾದ ತನಗೇ ಗೊತ್ತಿರಲಿಲ್ಲ ಎಂಬ ಮಾತನ್ನು ಸಂತೆಯಲ್ಲಿ ನಿಂತು ಹೇಳಲು ಅವನ ನಾಲಿಗೆ ಹೊರಳಲಿಲ್ಲ. ಹಾಗೇ ಮನೆಗೆ ಬಂದ.

ಅಂದಿನಿಂದ ಗಂಡಹೆಂಡಿರಿಬ್ಬರೂ ಒಟ್ಟಿಗೆ ಬೇಲದ ಮರದ ಬಳಿಗೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹೋದಾಗ ಕಲ್ಲುಗಳು ಎಂದಿನ ಹಾಗೆಯೇ ಇದ್ದವು. ಒಂದೂ ಚದುರಿರಲಿಲ್ಲ. ಆದರೆ ಚಪ್ಪಟೆ ಕಲ್ಲಿನ ಕೆಳಗೆ ಏನೋ ಕೆಂಪಗೆ ಕಂಡಿತು. ಹೆಂಡತಿ ಕಲ್ಲು ಎತ್ತಿದಳು. ಕೆಂಪು ಗಾಜಿನ ಮಣಿಸರ. ಹೊಚ್ಚ ಹೊಸದು, ನೋಡಲು ಬಲು ಚೆಂದ.

ಅವಳು ಮೇಲುಮಣ್ಣನ್ನು ಬೆರಳಿನಿಂದ ಸರಿಸಿ ನೋಡಿದಳು. ಗಿಲಕಿ ಇರಲಿಲ್ಲ.

ಬಂದವರು ಯಾರೋ ದೂರದವರಿರಬೇಕು. ಕುಡಿಕೆ ಕಾಣದೆ, ಇನ್ನೂ ಕೆಳಗಿರಬಹುದೆಂದು ಒಂದು ಹಿಡಿ ಮಣ್ಣು ಸರಿಸಿದ್ದಾರೆ. ಗಿಲಕಿ ಸಿಕ್ಕಿದೆ. ಇದೇ ಇರಬೇಕೆಂದು ಖುಷಿಯಿಂದ ಒಯ್ದಿದ್ದಾರೆ. ಒಯ್ದದ್ದಕ್ಕೆ ಬದಲಾಗಿ ತಮ್ಮಲ್ಲಿದ್ದ ಒಳ್ಳೆಯ ವಸ್ತುವನ್ನೇ ಇಟ್ಟು, ಇದ್ದ ಹಾಗೆ ಮುಚ್ಚಿ ಹೋಗಿದ್ದಾರೆ. ಅವರ ಮೇಲೆ ತಪ್ಪು ಹೊರಿಸಲು ಎಲ್ಲಿದೆ ದಾರಿ? ಕಟ್ಟಳೆ ಮಾಡಿದವನು ಕುಂಬಾರನೇ ಅಲ್ಲವೇ? ಅವನು ಮಣಿಸರ ಹಿಡಿದುಕೊಂಡು ಹೆಂಡತಿಯ ಮುಖ ನೋಡಿದ. ಅವಳು ಬೈಯಲಿಲ್ಲ. "ಅದು ಒಂದೇ ಇತ್ತು, ನೀವು ಅವಳಿಗೆ ಕೊಟ್ಟಿದ್ದು" ಎಂದಳು, ಅಷ್ಟೇ.

ಮುಂದಿನ ಸುಗ್ಗಿಗೆ ಅವನು ಗಾಡಿ ಕಟ್ಟಿದ. ಈಗ ಅವನು ದಾರಿ ನೋಡಿ ಹೋಗುವುದಿಲ್ಲ, ಸದ್ದು ಕೇಳಿ ಹೋಗುತ್ತಾನೆ. ಯಾವ ಮನೆಯಲ್ಲಿ ಗಿಲಕಿಯ ಸದ್ದಾದರೂ ಗಾಡಿ ನಿಲ್ಲಿಸಿ ಬಾಗಿಲಿಗೆ ಹೋಗುತ್ತಾನೆ. "ತಾಯಿ, ಒಂದು ಸಲ ನೋಡಿ ಕೊಡುತ್ತೇನೆ" ಎಂದು ಕೇಳುತ್ತಾನೆ. ಕಿವಿಯ ಹತ್ತಿರ ಹಿಡಿದು ಆಡಿಸುತ್ತಾನೆ. ತನ್ನದಲ್ಲ ಎಂದು ತಿಳಿದ ಮೇಲೆ ಆ ಮಗುವಿನ ಕೈಗೇ ಕೊಟ್ಟು, ಅದರ ತಲೆ ಸವರಿ ಬರುತ್ತಾನೆ. ಒಂದೇ ಒಂದು ಸಲ ಕೇಳಲಾರದೆ ಹೋದ ಮನುಷ್ಯ ಈಗ ಮನೆಮನೆಯ ಮುಂದೆ ನಿಂತು ಕೇಳುತ್ತಾನೆ. ಹೆಂಡತಿ ಗಾಡಿಯಲ್ಲಿ ಕೂತು, ಅವನು ಬರುವುದನ್ನೇ ನೋಡುತ್ತಿರುತ್ತಾಳೆ.

ಗುರುಗಳು ಕತೆ ನಿಲ್ಲಿಸಿದರು.

"ಸಿಕ್ಕಿತೇ, ಗುರುಗಳೇ?"

"ಇಲ್ಲ."

ಪಂಪಾಪತಿ ಕೈಯಲ್ಲಿದ್ದ ಮೊಬೈಲನ್ನು ಪಕ್ಕಕ್ಕಿಟ್ಟ. ಗುರುಗಳು ಏಳುತ್ತ ಕೇಳಿದರು: "ಆ ಮುದುಕ ಕಾರಣ ಹೇಳಲಿಲ್ಲ ಎಂದೆಯಲ್ಲ, ನೀನು ಕೇಳಿದೆಯಾ?"