ಬೆಂದ ಹೋಳಿನ ಸಕ್ಕರೆ

ವಿಜ್ಞಾನದ ಜಲಜಾಕ್ಷಿ ಮೇಡಂ ಒಂದು ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಒಂದನ್ನು ಬೇಯಿಸಿ, ಇನ್ನೊಂದನ್ನು ಹಸಿಯಾಗಿಯೇ ಇಟ್ಟರು. ಎರಡರಲ್ಲೂ ಕುಳಿ ಕೊರೆದು, ಒಂದೊಂದು ಚಮಚ ಸಕ್ಕರೆ ತುಂಬಿ, ನೀರಿನ ತಟ್ಟೆಯಲ್ಲಿ ಕೂರಿಸಿದರು. ಊಟದ ಗಂಟೆ ಹೊಡೆಯುವಷ್ಟರಲ್ಲಿ ಹಸಿ ಹೋಳು ತಟ್ಟೆಯ ನೀರು ಹೀರಿ ಕುಳಿ ತುಂಬಿಸಿಕೊಂಡು ಬೀಗಿತು. ಬೆಂದದ್ದರ ಕುಳಿ ಇದ್ದ ಹಾಗೇ ಇತ್ತು.

“ಇದಕ್ಕೆ ಎಷ್ಟು ಕೊಟ್ಟರೂ ಅಷ್ಟೇ ಮಕ್ಕಳೇ,” ಎಂದರು ಮೇಡಂ.

ಹಸಿ ಹೋಳಿಗೆ ನಾಚಿಕೆಯಾಯಿತು. “ಒಂದೇ ಗಡ್ಡೆಯವರು ನಾವು. ನಿನಗೂ ಸಕ್ಕರೆ ಕೊಟ್ಟರು, ನೀರು ಕೊಟ್ಟರು. ಇನ್ನೇನು ರೋಗ ನಿನಗೆ, ಮೈಗಳ್ಳ?” ಎಂದು ಹಂಗಿಸಿತು.

“ಕೊಟ್ಟರು ತಮ್ಮಾ, ಇಲ್ಲವೆನ್ನಲಾರೆ,” ಎಂದಿತು ಬೆಂದ ಹೋಳು. “ಕುದಿನೀರಿನಲ್ಲಿ ನೀರು ಎಳೆದುಕೊಳ್ಳಬೇಕಾದ ನನ್ನ ಜೀವಕೋಶದ ಪೊರೆಗಳೆಲ್ಲ ಸತ್ತ ಮೇಲೆ ಕೊಟ್ಟರು.”